ಗುಟ್ಟಿನ ಕೀಲಿಕೈ ಯಾರ ಬಳಿ ಇರಬೇಕು?

ಮಕ್ಕಳೇ, ‘ಕಮಲ’ ಪದದ ಪ್ರತಿ ಅಕ್ಷರಕ್ಕೂ ವರ್ಣಮಾಲೆಯ ಮುಂದಿನ ಅಕ್ಷರ ಬರೆಯಿರಿ. ‘ಖಯವ’ ಆಯಿತಲ್ಲವೇ? ಇದು ಗೂಢಲಿಪಿ. ‘ಒಂದಕ್ಷರ ಮುಂದೆ’ ಎಂಬ ಗುಟ್ಟೇ ಅದರ ಕೀಲಿಕೈ.

ದೂರವಾಣಿಯ ಮಾತನ್ನೂ ಹೀಗೆ ಗೂಢವಾಗಿ ಬದಲಿಸಬಹುದು. 1993ರಲ್ಲಿ ಅಮೆರಿಕ ಸರ್ಕಾರ ಇದಕ್ಕೆಂದು ‘ಕ್ಲಿಪ್ಪರ್’ ಎಂಬ ಚಿಪ್ ಪ್ರಕಟಿಸಿತು. ಪ್ರತಿ ಚಿಪ್‌ನ ಕೀಲಿಯನ್ನು ಎರಡು ಭಾಗ ಮಾಡಿ ಎರಡು ಸರ್ಕಾರಿ ಸಂಸ್ಥೆಗಳಲ್ಲಿ ಇಡುವುದು, ಅಪರಾಧಿಗಳ ಮಾತು ಆಲಿಸಬೇಕಾದಾಗ ಕಾನೂನಿನಂತೆ ಅನುಮತಿ ಪಡೆದು ಜೋಡಿಸುವುದು ಅದರ ಯೋಜನೆ. ಆ ಕೀಲಿ ದುರುಪಯೋಗವಾದರೆ ನಿರಪರಾಧಿಗಳ ಗತಿಯೇನು ಎಂದು ಹಲವರು ವಿರೋಧಿಸಿದರು. 1994ರಲ್ಲಿ ವಿಜ್ಞಾನಿ ಮ್ಯಾಟ್ ಬ್ಲೇಜ್, ಸರ್ಕಾರದ ಕೀಲಿಗೆ ಸಿಗದಂತೆಯೂ ಆ ಚಿಪ್ ಬಳಸಬಹುದೆಂದು ತೋರಿಸಿದರು. 1996ರ ಹೊತ್ತಿಗೆ ಯೋಜನೆ ನಿಂತುಹೋಯಿತು.

ಕಳ್ಳ ಸಿಗಬೇಕು, ನಮ್ಮ ಗುಟ್ಟೂ ಉಳಿಯಬೇಕು. ಈ ಚರ್ಚೆ ಇನ್ನೂ ಮುಗಿದಿಲ್ಲ. ನೀವೇನೆನ್ನುತ್ತೀರಿ? ತರಗತಿಯಲ್ಲಿ ಚರ್ಚಿಸಿ.