ಮಗುವಿನ ಮಾತು, ಯಂತ್ರದ ಮಾತು

ಮಕ್ಕಳೇ, ಸೋಮಂದೇಪಲ್ಲಿಯ ಕನ್ನಡ ಮನೆಯೊಂದರ ಮೂರು ವರ್ಷದ ಮಗುವನ್ನು ಗಮನಿಸಿರಿ. ಅಜ್ಜಿಯೊಡನೆ ಕನ್ನಡದಲ್ಲಿ ಮಾತನಾಡುವ ಆ ಮಗು ಹೊಸ್ತಿಲು ದಾಟಿದೊಡನೆ ಪಕ್ಕದ ಮನೆಯ ಗೆಳೆಯನೊಡನೆ ತೆಲುಗಿನಲ್ಲಿ ಜಗಳವಾಡುತ್ತದೆ. ಅದಕ್ಕೆ ಯಾರೂ ವ್ಯಾಕರಣ ಹೇಳಿಕೊಟ್ಟಿಲ್ಲ. ಹಾಗಾದರೆ ಮಾತು ಬಂದದ್ದು ಹೇಗೆ? ಈ ಪ್ರಶ್ನೆಗೆ ತಮ್ಮ ಬಾಳನ್ನೇ ಮುಡಿಪಿಟ್ಟವರು ಅಮೆರಿಕದ ವಿದುಷಿ ಲೈಲಾ ಗ್ಲೈಟ್‌ಮನ್ (1929–2021).

ಅವರು ಮೊದಲು ಕೈಹಚ್ಚಿದ್ದು ಮಗುವಿನ ಮಾತಿಗಲ್ಲ, ಯಂತ್ರದ ಮಾತಿಗೆ. 1950ರ ದಶಕದ ಕೊನೆಯಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜೆಲಿಗ್ ಹ್ಯಾರಿಸ್ ಅವರ ತಂಡವು ಯೂನಿವ್ಯಾಕ್ ಎಂಬ ಗಣಕಯಂತ್ರದಿಂದ ಇಂಗ್ಲಿಷ್ ವಾಕ್ಯಗಳ ಪದವಿಭಾಗ ಮಾಡಿಸಿತು. ಲೈಲಾ ಆ ತಂಡದಲ್ಲಿದ್ದರು. ಪುಣೆಯಲ್ಲಿ ಹುಟ್ಟಿದ ಅರವಿಂದ ಜೋಶಿಯವರೂ ಇದ್ದರು. ಆ ಯಂತ್ರ ತಾನಾಗಿ ಏನನ್ನೂ ಕಲಿಯುತ್ತಿರಲಿಲ್ಲ; ನಿಯಮಗಳನ್ನೆಲ್ಲ ಮನುಷ್ಯರೇ ಬರೆದುಕೊಡಬೇಕಾಗಿತ್ತು.

ಮುಂದೆ ಅವರು ಮಕ್ಕಳ ಕಡೆಗೆ ತಿರುಗಿದರು. ಬಾರ್ಬರಾ ಲ್ಯಾಂಡೌ ಅವರೊಡನೆ ಹುಟ್ಟುಕುರುಡು ಮಗುವೊಂದರ ಮಾತನ್ನು ಪರೀಕ್ಷಿಸಿ 1985ರಲ್ಲಿ ಒಂದು ಗ್ರಂಥ ಬರೆದರು. 'ಮೇಲೆ ನೋಡು' ಎಂದರೆ ಕಣ್ಣಿಗೆ ಬಟ್ಟೆ ಕಟ್ಟಿದ ಮಗು ತಲೆ ಎತ್ತುತ್ತದೆ. ಈ ಮಗು ಕೈ ಎತ್ತಿತು! ಬೆಳಕನ್ನೇ ಕಾಣದ ಮಗುವಿಗೂ 'ನೋಡು' ಎಂಬ ಮಾತಿಗೆ ಅರ್ಥವಿತ್ತು. ಕಂಡದ್ದಕ್ಕೆ ಹೆಸರಿಡುವುದಷ್ಟೇ ಮಾತಾಗಿದ್ದರೆ ಹೀಗಾಗಲು ಸಾಧ್ಯವೆ?

ಈಗ ನಮ್ಮ ಕನ್ನಡಕ್ಕೆ ಬರೋಣ. 'ಏರು' ಎಂಬುದಕ್ಕೆ 'ಇಸು' ಸೇರಿದರೆ 'ಏರಿಸು' ಆಗುತ್ತದೆ. ತೆಲುಗಿನಲ್ಲಿಯೂ 'ಎಕ್ಕು', 'ಎಕ್ಕಿಂಚು' ಇವೆಯಲ್ಲವೆ? ಇಂಗ್ಲಿಷಿನಲ್ಲಿ ಇಂಥ ಪ್ರತ್ಯಯದ ಬಳಕೆ ವಿರಳ. ಅದಕ್ಕೇ ಜೆಫ್ರಿ ಲಿಡ್ಜ್, ಲೈಲಾ ಹಾಗೂ ಅವರ ಪತಿ ಹೆನ್ರಿ ಗ್ಲೈಟ್‌ಮನ್ ಕನ್ನಡವನ್ನು ಆರಿಸಿಕೊಂಡರು. ಮೂರು ವರ್ಷದ ಕನ್ನಡ ಮಕ್ಕಳಿಗೆ ಆಟಿಕೆಯ ಪ್ರಾಣಿಗಳನ್ನು ಕೊಟ್ಟು, ಹೇಳಿದ ವಾಕ್ಯವನ್ನು ಆಡಿ ತೋರಿಸಲು ಹೇಳಿದರು. ಕೆಲವು ವಾಕ್ಯಗಳಲ್ಲಿ 'ಇಸು' ಇತ್ತು, ಕೆಲವುಗಳಲ್ಲಿ ಇರಲಿಲ್ಲ. ಕೆಲವುಗಳಲ್ಲಿ ಒಂದೇ ಪ್ರಾಣಿಯ ಹೆಸರು, ಕೆಲವುಗಳಲ್ಲಿ ಎರಡು. ಕನ್ನಡದಲ್ಲಿ ಹೆಸರುಗಳನ್ನು ಬಿಟ್ಟು ಮಾತನಾಡುವುದು ರೂಢಿ. 'ಏರಿಸಿದ' ಎಂದರೂ ಸಾಕು. ಆದ್ದರಿಂದ ಹೆಸರುಗಳ ಎಣಿಕೆಗಿಂತ 'ಇಸು' ಎಂಬುದೇ ನಂಬಬಹುದಾದ ಗುರುತು. ಆದರೆ ಮಕ್ಕಳು ಹಿಡಿದದ್ದು ಹೆಸರುಗಳ ಎಣಿಕೆಯನ್ನು! ಎರಡು ಹೆಸರಿದ್ದರೆ, 'ಇಸು' ಇಲ್ಲದಿದ್ದರೂ, ಒಂದು ಪ್ರಾಣಿ ಇನ್ನೊಂದರಿಂದ ಕೆಲಸ ಮಾಡಿಸುವಂತೆ ಆಡಿದರು. 2003ರಲ್ಲಿ ಇದು ಪ್ರಕಟವಾಯಿತು. ಮಗು ಕೇಳಿದ್ದನ್ನಷ್ಟೇ ಲೆಕ್ಕ ಹಾಕುವುದಿಲ್ಲ, ತನ್ನದೇ ಒಂದು ಸಿದ್ಧತೆಯೊಡನೆ ಮಾತಿಗೆ ಬರುತ್ತದೆ ಎಂದು ಅವರು ವಾದಿಸಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪುವುದಿಲ್ಲ.

ಇಂದಿನ ಯಂತ್ರಗಳಾದರೋ ಯೂನಿವ್ಯಾಕ್‌ನಂತಲ್ಲ. ಮುಂದಿನ ಪದ ಯಾವುದೆಂದು ಊಹಿಸುತ್ತ, ತಪ್ಪಿದಾಗ ತಿದ್ದಿಕೊಳ್ಳುತ್ತ ತಾವೇ ಕಲಿಯುತ್ತವೆ. 2020ರಲ್ಲಿ ಬಂದ ಜಿಪಿಟಿ-3 ಕಲಿಯಲು ಸುಮಾರು 30,000 ಕೋಟಿ ಪದತುಣುಕುಗಳು ಬೇಕಾದವು. ಹದಿಮೂರರ ಬಾಲಕ ಅಷ್ಟು ವರ್ಷಗಳಲ್ಲಿ ಕೇಳುವ ಪದಗಳು 10 ಕೋಟಿಗಿಂತ ಕಡಿಮೆ ಎಂದು ಅಂದಾಜು. ಅಷ್ಟರಲ್ಲಿಯೇ ಯಂತ್ರ ಕಲಿಯಬಲ್ಲುದೇ ಎಂದು ನೋಡಲು 2023ರಲ್ಲಿ 'ಬೇಬಿ ಎಲ್‌ಎಂ' ಎಂಬ ಸ್ಪರ್ಧೆ ಆರಂಭವಾಯಿತು. ಗಣಕಕ್ಕೆ ದೊರೆಯುವ ಬರಹ ಕನ್ನಡದಲ್ಲಿ ಇಂಗ್ಲಿಷಿಗಿಂತ ಬಹಳ ಕಡಿಮೆ. ಆದುದರಿಂದ ಸ್ವಲ್ಪದರಲ್ಲಿ ಕಲಿಯುವ ಗುಟ್ಟು ನಮಗೂ ಬೇಕಾದದ್ದೇ.

ನಿಮ್ಮ ಮನೆಯಲ್ಲಿ ಮೂರು ವರ್ಷದ ತಮ್ಮನೋ ತಂಗಿಯೋ ಇದ್ದರೆ ಎರಡು ಆಟಿಕೆಗಳನ್ನು ಕೊಟ್ಟು 'ಕುದುರೆ ಏರಿಸಿತು', 'ಕುದುರೆ ಆನೆಯನ್ನು ಏರಿತು' ಎಂದು ಹೇಳಿ ನೋಡಿರಿ. ಮಗು ಏನು ಮಾಡಿತೆಂದು ಬರೆದಿಟ್ಟು ತರಗತಿಯಲ್ಲಿ ಓದಿರಿ.