ಬಲೆ ಬಿಟ್ಟ ದೋಣಿಗೆ ಯಾರ ಕಾವಲು?

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ನಿಮ್ಮ ಮುಂದೆ ಸಮುದ್ರದ ಯುದ್ಧದ ಮಾತು ತೆಗೆದರೆ, ‘ನಮಗೂ ಅದಕ್ಕೂ ಏನು ಸಂಬಂಧ?’ ಎಂದು ನೀವು ಕೇಳುವುದು ಸಹಜ. ಮುದಗಲ್ ಕೋಟೆಯಿಂದಲೇ ಶುರುಮಾಡೋಣ. ಆ ಕೋಟೆಗಾಗಿ, ಕೃಷ್ಣೆ ತುಂಗಭದ್ರೆಯರ ನಡುವಿನ ಈ ಸೀಮೆಗಾಗಿ ವಿಜಯನಗರದ ಅರಸರೂ ಬಹಮನಿ, ಬಿಜಾಪುರದ ಸುಲ್ತಾನರೂ ತಲೆಮಾರುಗಟ್ಟಲೆ ಕಾದಾಡಿದರು. ಅವರ ಸೇನೆಯ ಒಳ್ಳೆಯ ಕುದುರೆಗಳು ಅರೇಬಿಯಾ, ಪರ್ಷಿಯಾಗಳಿಂದ ಹಡಗೇರಿ ಗೋವೆಗೋ ಭಟ್ಕಳಕ್ಕೋ ಬಂದು, ಅಲ್ಲಿಂದ ಘಟ್ಟ ಹತ್ತಬೇಕಿತ್ತು. ಕಡಲಿನಲ್ಲಿ ಹಡಗು ತಡೆಯುವವನ ಕೈಯಲ್ಲಿ ನಿಮ್ಮ ಬಯಲಿನ ಯುದ್ಧದ ಒಂದು ಎಳೆ ಇತ್ತು.

ಹಾಗೆ ತಡೆಯುವವರು ಯಾರು? ಕಡಲ್ಗಳ್ಳರನ್ನು ನೀವು ಬಲ್ಲಿರಿ: ಅವರು ಯಾರಿಗೂ ಸೇರಿದವರಲ್ಲ, ಸಿಕ್ಕವರನ್ನು ದೋಚುತ್ತಾರೆ. ಇನ್ನೊಂದು ಬಗೆಯವರಿದ್ದರು. ಯುರೋಪಿನಲ್ಲಿ ಅವರನ್ನು ಪ್ರೈವೆಟಿಯರ್ ಎನ್ನುತ್ತಿದ್ದರು. ಹಡಗು ಅವರ ಸ್ವಂತದ್ದು, ಆಳುಗಳಿಗೆ ಸಂಬಳ ಕೊಡುವವರೂ ಅವರೇ. ಆದರೆ ಯುದ್ಧಕಾಲದಲ್ಲಿ ಶತ್ರುದೇಶದ ಹಡಗುಗಳನ್ನು ಹಿಡಿಯಬಹುದೆಂದು ರಾಜನ ಪರವಾನಗಿ ಪತ್ರ ಅವರ ಬಳಿ ಇರುತ್ತಿತ್ತು. ಕೊಳ್ಳೆಯಲ್ಲಿ ಅರಮನೆಗೂ ಪಾಲು. ರಾಜನಿಗೆ ಖರ್ಚಿಲ್ಲದೆ ನೌಕಾಪಡೆ ಸಿಕ್ಕಂತಾಯಿತು.

ನಮ್ಮ ಕರಾವಳಿಯಲ್ಲೂ ಇದಕ್ಕೆ ಹತ್ತಿರದ ನಿದರ್ಶನವಿದೆ. ಹೊನ್ನಾವರದ ತಿಮ್ಮೋಜನ ಹೆಸರು ಕೇಳಿರಬಹುದು. ತಿಮ್ಮಯ್ಯ ಎಂದೂ ಕರೆಯುತ್ತಾರೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ಕುರಿತು ಬರೆದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬರ್ಬೋಸಾ, ತಿಮ್ಮೋಜನು ಅಲ್ಲಿನ ಒಡೆಯನ ಬೆಂಬಲದಿಂದಲೇ ಆಯುಧ ತುಂಬಿದ ಹಡಗುಗಳಲ್ಲಿ ಹೋಗಿ ದೋಚುತ್ತಿದ್ದನೆಂದು ಹೇಳುತ್ತಾನೆ. ಅದೇ ತಿಮ್ಮೋಜ 1510ರಲ್ಲಿ ಗೋವೆಯನ್ನು ಹಿಡಿಯುವಾಗ ಪೋರ್ಚುಗೀಸ್ ದಳಪತಿ ಆಲ್ಬುಕರ್ಕನ ಜೊತೆಗಿದ್ದ. ಅವನನ್ನು ಕಳ್ಳನೆಂದು ಕರೆದವರೂ ಸರದಾರನೆಂದು ಮನ್ನಿಸಿದವರೂ ಇದ್ದರು.

ಈಗ ಮೀನುಗಾರರ ವಿಷಯಕ್ಕೆ ಬರೋಣ. ಮೀನುದೋಣಿಯಲ್ಲಿ ಚಿನ್ನವಿಲ್ಲ, ಕುದುರೆಯಿಲ್ಲ. ಆದರೂ ಅದನ್ನು ಹಿಡಿಯುವುದೇಕೆ? ಇದಕ್ಕೆ ಉತ್ತರ ಹಾಲೆಂಡಿನ ಹೆರಿಂಗ್ ಮೀನುಗಾರಿಕೆಯಲ್ಲಿ ನಿಚ್ಚಳವಾಗಿ ಸಿಗುತ್ತದೆ. 1568ರಿಂದ 1648ರವರೆಗೆ ಡಚ್ಚರು ಸ್ಪೇನಿನ ವಿರುದ್ಧ ಹೋರಾಡಿದರು. ಆ ಕಾಲದಲ್ಲಿ ಪ್ರತಿ ವರ್ಷ ಜೂನ್ 24ರ ಸುಮಾರಿಗೆ ಅವರ ನೂರಾರು ದೋಣಿಗಳು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಬಳಿ ಸೇರುತ್ತಿದ್ದವು. ಹಿಡಿದ ಮೀನನ್ನು ದೋಣಿಯಲ್ಲೇ ಸೀಳಿ, ಉಪ್ಪು ಹಾಕಿ, ಪೀಪಾಯಿಗೆ ತುಂಬುತ್ತಿದ್ದರು. ಇಡೀ ಪಟ್ಟಣಗಳು ಆ ಮೀನಿನ ಮೇಲೆ ಬದುಕಿದ್ದವು. ಅದನ್ನು ಕೆಡಿಸಿದರೆ ಊಟವೂ ಹೋಯಿತು, ವ್ಯಾಪಾರವೂ ಹೋಯಿತು. ಅದಕ್ಕಿಂತ ಮುಖ್ಯವಾಗಿ, ನೌಕಾಪಡೆಗೆ ಬರಬೇಕಾದ ನುರಿತ ನಾವಿಕರೂ ಹೋದರು.

ಆ ಕೆಲಸದ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸಂಜೆಗತ್ತಲಲ್ಲಿ ಉದ್ದನೆಯ ಬಲೆಯನ್ನು ನೀರಿಗೆ ಬಿಡುತ್ತಾರೆ. ಬಲೆ ಗೋಡೆಯಂತೆ ನೀರಿನಲ್ಲಿ ತೂಗುತ್ತಿರುತ್ತದೆ, ದೋಣಿ ಅದಕ್ಕೆ ಕಟ್ಟಿಕೊಂಡು ರಾತ್ರಿಯಿಡೀ ತೇಲುತ್ತದೆ. ಬೆಳಗಿನ ಜಾವಕ್ಕೆ ಎಲ್ಲರೂ ಸೇರಿ ಎಳೆಯುತ್ತಾರೆ. ಈ ಹೊತ್ತಿನಲ್ಲಿ ಶತ್ರು ಕಂಡರೆ ಮೀನುಗಾರನಿಗೆ ಉಳಿದ ದಾರಿ ಒಂದೇ: ಹಗ್ಗ ಕಡಿದು ಓಡುವುದು. ಜೀವ ಉಳಿಯಬಹುದು, ಸಾಲ ಮಾಡಿ ತಂದ ಬಲೆ ಮುಳುಗುತ್ತದೆ. ಸ್ಪೇನಿನ ಪರ ಇದ್ದ ಡಂಕರ್ಕ್ ಬಂದರಿನ ಪ್ರೈವೆಟಿಯರ್‌ಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. 1635ರ ಆಗಸ್ಟ್ ತಿಂಗಳಲ್ಲಿ ಅವರು ನೂರಕ್ಕೂ ಹೆಚ್ಚು ಮೀನುದೋಣಿಗಳನ್ನು ನಾಶಮಾಡಿ, ನೂರಾರು ಮೀನುಗಾರರನ್ನು ಸೆರೆ ಒಯ್ದರು.

ಇದಕ್ಕೆ ಡಚ್ಚರು ಕಂಡುಕೊಂಡ ಉಪಾಯವೇ ಬೆಂಗಾವಲು: ದೋಣಿಗಳ ಗುಂಪಿನ ಜೊತೆ ತೋಪು ಹೊತ್ತ ಯುದ್ಧನೌಕೆಗಳು ಹೋಗುವುದು. ಅದರ ಖರ್ಚಿಗೆ ಮೀನಿನ ಮೇಲೆಯೇ ತೆರಿಗೆ ಹಾಕುತ್ತಿದ್ದರು. ನಮ್ಮ ಕನ್ನಡ ಕರಾವಳಿಯಲ್ಲೂ ಬೆಂಗಾವಲು ನಡೆಯುತ್ತಿತ್ತು, ಅಕ್ಕಿಗಾಗಿ. ಬಸರೂರು, ಹೊನ್ನಾವರ, ಮಂಗಳೂರುಗಳ ಅಕ್ಕಿಯೇ ಪೋರ್ಚುಗೀಸರ ಗೋವೆಗೆ ಅನ್ನ. ಕಾಲುವೆ ನೀರಲ್ಲಿ ಭತ್ತ ಬೆಳೆಯುವ ಸಿಂಧನೂರಿನವರಿಗೆ ಅಕ್ಕಿಯ ದಾರಿ ಕಟ್ಟಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಮಲಬಾರಿನ ನೌಕಾನಾಯಕರಾದ ಕುಂಜಾಲಿ ಮರಕ್ಕಾರರ ಚುರುಕು ದೋಣಿಗಳು ಆ ದಾರಿಯಲ್ಲಿ ಕಾದಿರುತ್ತಿದ್ದವು. ಹಾಗಾಗಿ ಮಳೆಗಾಲ ಕಳೆದ ಮೇಲೆ ಅಕ್ಕಿಯ ದೋಣಿಗಳು ಒಟ್ಟುಗೂಡಿ, ಪೋರ್ಚುಗೀಸ್ ನೌಕೆಗಳ ಕಾವಲಿನಲ್ಲಿ ಗೋವೆಗೆ ಹೊರಡುತ್ತಿದ್ದವು. ಈ ತಂಡಕ್ಕೆ ಕಾಫಿಲಾ ಎನ್ನುತ್ತಿದ್ದರು.

ಈ ಎರಡು ಬೆಂಗಾವಲುಗಳ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ, ಇಲ್ಲಿ ಸ್ವಲ್ಪ ನಿಲ್ಲಿ. ಅಕ್ಕಿಯ ದೋಣಿಗಳು ದಾರಿಯಲ್ಲಿ ನಡೆವ ಕುರಿಹಿಂಡಿನಂತೆ. ಹಿಂದೊಬ್ಬ ಮುಂದೊಬ್ಬ ಕುರುಬ ಇದ್ದರೆ ಸಾಕು. ಮೀನುದೋಣಿಗಳು ಗುಂಪಾಗಿರಲಾರವು. ಒಂದರ ಬಲೆ ಇನ್ನೊಂದಕ್ಕೆ ಸಿಕ್ಕದಂತೆ ದೂರ ದೂರ ಹರಡಿಕೊಂಡರೆ ಮಾತ್ರ ಮೀನು. ಹರಡಿದಷ್ಟೂ ಕಾವಲು ತೆಳುವಾಗುತ್ತದೆ. ಎಷ್ಟು ನೌಕೆ ಕಳಿಸಿದರೂ ಹೆರಿಂಗ್ ದೋಣಿಗಳ ರಕ್ಷಣೆ ಪೂರ್ತಿ ಆಗದೇ ಹೋದದ್ದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ತಿಳಿವಳಿಕೆ, ನಾವಿಕರ ಹೇಡಿತನವಲ್ಲ.

ಕಾವಲಿಗೆ ಬೆಲೆಯೂ ಇತ್ತು. ಪೋರ್ಚುಗೀಸರು ಕರ್ತಾಜ್ ಎಂಬ ರಹದಾರಿ ಪತ್ರ ಮಾರುತ್ತಿದ್ದರು. ಅದು ಇಲ್ಲದ ಹಡಗನ್ನು ಅವರೇ ಹಿಡಿಯುತ್ತಿದ್ದರು! ಯಾರಿಂದ ಯಾರಿಗೆ ರಕ್ಷಣೆ ಎಂದು ಕರಾವಳಿಯ ವರ್ತಕರು ಕೇಳಿದ್ದರೆ ತಪ್ಪೇನು? 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಬಸರೂರು, ಹೊನ್ನಾವರದ ಪೋರ್ಚುಗೀಸ್ ಕೋಟೆಗಳನ್ನು ಕಿತ್ತುಕೊಂಡದ್ದರ ಹಿಂದೆ ಈ ಬಂದರುಗಳ ಹಿಡಿತದ ಪ್ರಶ್ನೆಯೂ ಇತ್ತು.

ತೋಪಿನಿಂದ ಆಗದ ಕೆಲಸವನ್ನು ಕಾನೂನು ನಿಧಾನವಾಗಿ ಕೈಗೆತ್ತಿಕೊಂಡಿತು. 1856ರ ಪ್ಯಾರಿಸ್ ಘೋಷಣೆ ಪ್ರೈವೆಟಿಯರ್ ಪದ್ಧತಿಯನ್ನೇ ರದ್ದುಮಾಡಿತು. 1898ರಲ್ಲಿ ಅಮೆರಿಕ ಮತ್ತು ಸ್ಪೇನ್ ನಡುವೆ ಯುದ್ಧವಾದಾಗ, ಆಗ ಸ್ಪೇನಿನ ಕೈಯಲ್ಲಿದ್ದ ಕ್ಯೂಬಾದ ಎರಡು ಮೀನುದೋಣಿಗಳನ್ನು ಅಮೆರಿಕದ ನೌಕಾಪಡೆ ಹಿಡಿದು ಹರಾಜು ಹಾಕಿತು. ‘ಪಾಕೆಟೆ ಹಬಾನಾ’ ಎಂಬ ದೋಣಿಯಲ್ಲಿ ಇದ್ದವರು ಮೂರೇ ಜನ. ಸರಕು, ಅವರೇ ಹಿಡಿದ ಮೀನು. ಯುದ್ಧ ಶುರುವಾಗಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ದಡದ ಮೀನುಗಾರರನ್ನು ಯುದ್ಧದಲ್ಲಿ ಮುಟ್ಟಬಾರದೆಂಬುದು ದೇಶದೇಶಗಳು ಒಪ್ಪಿಕೊಂಡು ಬಂದ ರೂಢಿ, ಆದ್ದರಿಂದ ಹಣ ಹಿಂತಿರುಗಿಸಿ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1900ರಲ್ಲಿ ತನ್ನ ಸರ್ಕಾರದ ವಿರುದ್ಧವೇ ತೀರ್ಪು ಕೊಟ್ಟಿತು. 1907ರ ಹೇಗ್ ಒಪ್ಪಂದ ಅದನ್ನು ಲಿಖಿತ ನಿಯಮವಾಗಿಸಿತು. ಈ ಕಥೆಯಲ್ಲಿ ನನಗೆ ಬಹಳ ಪ್ರಿಯವಾದ ಭಾಗ ಇದೇ.

ಪರವಾನಗಿಯ ಕೊಳ್ಳೆಗಾರರು ಹೋದರು, ಕಡಲ್ಗಳ್ಳರು ಉಳಿದರು. ಮೀನುದೋಣಿಯ ಅಪಾಯವೂ ರೂಪ ಬದಲಿಸಿತು: ಈಗ ದೋಣಿಯೇ ಅವರಿಗೆ ಮರೆ. ಅದನ್ನು ವಶಮಾಡಿಕೊಂಡು, ಅದರಲ್ಲೇ ಕೂತು ದೊಡ್ಡ ಹಡಗುಗಳ ಹತ್ತಿರ ಹೋಗುತ್ತಾರೆ. 2024ರ ಜನವರಿ ಕೊನೆಯಲ್ಲಿ ಅರಬ್ಬಿ ಸಮುದ್ರದಲ್ಲಿ ಸೊಮಾಲಿಯಾದ ಕಡಲ್ಗಳ್ಳರು ಹಿಡಿದಿದ್ದ ‘ಇಮಾನ್’ ಎಂಬ ಇರಾನಿನ ಮೀನುದೋಣಿಯನ್ನು ಭಾರತೀಯ ನೌಕಾಪಡೆಯ ಐಎನ್‌ಎಸ್ ಸುಮಿತ್ರಾ ಬಿಡಿಸಿತು. ಅದರಲ್ಲಿ 17 ಜನ ಇರಾನಿಯರಿದ್ದರು. ಅದರ ಬೆನ್ನಿಗೇ ‘ಅಲ್ ನಯೀಮಿ’ ಎಂಬ ಇನ್ನೊಂದು ದೋಣಿಯನ್ನೂ ಬಿಡಿಸಿತು. ಅದರಲ್ಲಿದ್ದ 19 ಮೀನುಗಾರರು ಪಾಕಿಸ್ತಾನದವರು.