ಕಂತು ತಪ್ಪಿದರೆ ಫೋನಿಗೆ ಬೀಗ

ಅಹಮದಾಬಾದಿನ ನವರಂಗಪುರದ ಕಾಮರ್ಸ್ ಸಿಕ್ಸ್ ರೋಡ್ ಮೆಟ್ರೊ ನಿಲ್ದಾಣದ ಆಚೀಚೆ ಊಟ ತಲುಪಿಸುವ ಹುಡುಗರು ಬೈಕ್ ಮೇಲೆ ಕೂತು ಫೋನ್ ನೋಡುತ್ತಲೇ ಇರುತ್ತಾರೆ. ಆರ್ಡರ್ ಬರುವುದು ಅದರಲ್ಲಿ, ದಾರಿ ತೋರಿಸುವುದೂ ಅದೇ. ಅವರಲ್ಲಿ ನಮಗೆ ಪರಿಚಯದ, ಬಾಗಲಕೋಟೆ ಕಡೆಯ ಹುಡುಗನೊಬ್ಬ ಕಂತಿನ ಮೇಲೆ ಕೊಂಡ ಫೋನ್ ಹಿಡಿದು ಮನೆಗೆ ಬಂದ. ಪರದೆ ತುಂಬ ಬಾಕಿ ಕಟ್ಟಿ ಎಂಬ ಸಂದೇಶ. ತುರ್ತು ಕರೆ ಬಿಟ್ಟರೆ ಬೇರೇನೂ ನಡೆಯದು.

“ಸರ, ಕಂತು ಕಟ್ಟಬೇಕಂದ್ರ ಓಟಿಪಿ ಇದರಾಗ ಬರ್ತೈತ್ರಿ. ಇದು ಲಾಕ್ ಆಗೇತಿ. ಹೆಂಗ್ ಕಟ್ಟಲಿ?”

ಅವನ ಸಿಮ್ ತೆಗೆದು ನಮ್ಮ ಹಳೆಯ ಕೀಪ್ಯಾಡ್ ಫೋನಿಗೆ ಹಾಕಿ, ನನ್ನ ಲ್ಯಾಪ್‌ಟಾಪ್‌ನಿಂದ ಕಂತು ಕಟ್ಟಿಸಿದೆ. ಬೀಗ ತೆರೆದದ್ದು ಮರುದಿನ. ಅಷ್ಟರಲ್ಲಿ ಒಂದು ದಿನದ ದುಡಿಮೆ ಹೋಗಿತ್ತು. ಖಾತೆಯಲ್ಲಿ ಹಣ ಸಾಲದೆ ಕಂತು ವಾಪಸಾದದ್ದಕ್ಕೆ ಬ್ಯಾಂಕಿನದೊಂದು ದಂಡ, ಸಾಲ ಕೊಟ್ಟವರದು ಇನ್ನೊಂದು.

ಈ ಬೀಗದ ಆ್ಯಪ್ ಅನ್ನು ಫೋನ್ ಮಾರುವಾಗಲೇ ಅಂಗಡಿಯಲ್ಲಿ ಹಾಕಿಬಿಡುತ್ತಾರೆ. ಫ್ಯಾಕ್ಟರಿ ರೀಸೆಟ್ ಮಾಡಿದರೂ ಸಾಮಾನ್ಯವಾಗಿ ಅದು ಹೋಗುವುದಿಲ್ಲ. ಅಡವಿಲ್ಲದ ಸಣ್ಣ ಸಾಲದಲ್ಲಿ ವಸೂಲಿ ಕಷ್ಟ, ಬೀಗ ಇದ್ದರೆ ಸಾಲದ ಇತಿಹಾಸವೇ ಇಲ್ಲದವರಿಗೂ ಫೋನ್ ಕೊಡಬಹುದು ಎನ್ನುತ್ತವೆ ಕಂಪನಿಗಳು. ಆ ಮಾತನ್ನು ತಳ್ಳಿಹಾಕಲಾರೆ. ಆದರೆ ಕಂತಿನಲ್ಲಿ ಕೊಂಡ ಟಿವಿ ನಿಂತರೆ ಸಂಜೆಯ ಧಾರಾವಾಹಿ ತಪ್ಪೀತು. ಇವನ ಫೋನ್ ನಿಂತರೆ ಕಂತು ಕಟ್ಟುವ ಸಂಪಾದನೆಯೇ ನಿಲ್ಲುತ್ತದೆ. ಇದು ವಸೂಲಿಯೂ ಅಲ್ಲ, ಬರೀ ಹಿಂಸೆ.

2024ರಲ್ಲಿ ರಿಸರ್ವ್ ಬ್ಯಾಂಕ್ ಹೀಗೆ ಬೀಗ ಹಾಕುವುದನ್ನು ನಿಲ್ಲಿಸುವಂತೆ ಕಂಪನಿಗಳಿಗೆ ಹೇಳಿತ್ತು. ಗ್ರಾಹಕರ ಮುನ್ನೊಪ್ಪಿಗೆ ಇದ್ದರೆ, ಅವರ ಖಾಸಗಿ ಮಾಹಿತಿ ಮುಟ್ಟದಿದ್ದರೆ ಮತ್ತೆ ಅನುಮತಿ ಕೊಡುವ ಆಲೋಚನೆಯಿದೆ ಎಂಬ ಸುದ್ದಿ 2025ರ ಸೆಪ್ಟೆಂಬರ್‌ನಲ್ಲಿ ಬಂತು. ಅಂಗಡಿಯ ಗದ್ದಲದಲ್ಲಿ, ಬೆರಳಲ್ಲಿ ಸರ್ರನೆ ಸರಿಸಿ ಒತ್ತಿದ ‘ಒಪ್ಪಿಗೆ’ಯನ್ನು ನಾನಂತೂ ಒಪ್ಪಿಗೆ ಎಂದು ಒಪ್ಪಲಾರೆ. ಬೀಗ ಹಾಕುವ ಮುನ್ನ ಗ್ರಾಹಕರ ಭಾಷೆಯಲ್ಲೇ ನೋಟಿಸ್ ಕೊಡಬೇಕು, ಕೆಲವು ದಿನ ಕಾಯಬೇಕು. ಕರೆ, ಯುಪಿಐ, ದುಡಿಮೆಯ ಆ್ಯಪ್ ಮುಟ್ಟಲೇಬಾರದು.

ಕಂತಿನಲ್ಲಿ ಫೋನ್ ಕೊಳ್ಳುವವರು ಸಾಲದ ಮುಖ್ಯಾಂಶಗಳ ಪತ್ರ ಕೇಳಿ ಪಡೆಯಿರಿ; 2024ರ ಅಕ್ಟೋಬರ್ 1ರಿಂದ ಅದನ್ನು ಕೊಡುವುದು ಕಡ್ಡಾಯ. ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ. ಬೀಗದ ಆ್ಯಪ್ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಕಂತಿನ ತಾರೀಖು ಸಂಬಳ ಬಂದ ಮೇಲಿನ ದಿನಕ್ಕೆ ಇರಲಿ. ತಕರಾರು ಬಂದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ಮಾಹಿತಿಗೆ 14448ಕ್ಕೆ ಕರೆ ಮಾಡಿ.